ಬೋದು ಮತ್ತು ಹೊದಿಕೆ: ಹೊಲದ ಮಣ್ಣು ಹಳ್ಳ ಸೇರದ ಹಾಗೆ ಹಿಡಿದಿಡುವುದು ಹೇಗೆ

ಸೆಪ್ಟೆಂಬರಿನ ಉತ್ತರಿ ಮಳೆ ಜೋರಾಗಿ ಹೊಡೆದ ಮಾರನೇ ದಿನ ಬೆಳಿಗ್ಗೆ ಹೊಲದ ಕೆಳಗಿನ ಮೂಲೆಗೆ ಹೋಗಿ ನೋಡಿ. ಒಡ್ಡಿನ ಬುಡದಲ್ಲಿ ಕೆನೆಯ ಹಾಗೆ ನುಣ್ಣನೆ ಮಣ್ಣು ಕೂತಿರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಹಪ್ಪಳದ ಹಾಗೆ ಅಂಚು ಮೇಲೇಳುತ್ತದೆ. ಒಂದು ಚೂರು ಮುರಿದು ಕೈಯಲ್ಲಿ ಪುಡಿ ಮಾಡಿದರೆ ಕಲ್ಲಿಲ್ಲ, ಹರಳಿಲ್ಲ. ಅದು ನಿಮ್ಮ ಹೊಲದ ಮೇಲ್ಪದರ. ನೀವು ಹಾಕಿದ ಗೊಬ್ಬರ ಇದ್ದದ್ದು ಅದರಲ್ಲೇ. ಅಲ್ಲಿ ಕಾಣುವುದು ಒಡ್ಡು ತಡೆದ ಪಾಲು ಮಾತ್ರ. ತಡೆಯಲಾಗದ ಪಾಲು ಆಗಲೇ ಹಳ್ಳ ದಾಟಿರುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಎಕರೆಯಿಂದ ಬರೀ 1 ಮಿಲಿಮೀಟರ್ ಮಣ್ಣು ಹೋದರೆ ಅದರ ತೂಕ ಸುಮಾರು 5 ಟನ್. ಒಂದು ರೂಪಾಯಿ ನಾಣ್ಯಕ್ಕಿಂತ ತೆಳುವಾದ ಪದರ, ಆದರೆ ಟ್ರ್ಯಾಕ್ಟರ್ ಟ್ರೇಲರ್ ತುಂಬಿ ಉಕ್ಕುವಷ್ಟು ಮಣ್ಣು. ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ನಾವು ಗಮನ ಕೊಡುವುದಿಲ್ಲ. 1983ರಲ್ಲಿ ಭಾರತದ ಮಣ್ಣು ವಿಜ್ಞಾನಿಗಳು ದೇಶದ ಸರಾಸರಿ ಲೆಕ್ಕ ಹಾಕಿದಾಗ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 16 ಟನ್ ಮಣ್ಣು ಸವೆಯುತ್ತದೆ ಎಂದು ಬಂತು. ಎಕರೆಗೆ ಆರೂವರೆ ಟನ್ ಆಯಿತು. ಅದರಲ್ಲಿ ನೂರಕ್ಕೆ ಹತ್ತು ಪಾಲು ಜಲಾಶಯಗಳ ತಳ ಸೇರುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಅದರ ಸಾಮರ್ಥ್ಯ 105 ಟಿಎಂಸಿ ಆಸುಪಾಸು. ಉಳಿದ ಜಾಗವನ್ನು ಹೂಳು ತಿಂದಿದೆ. ಗಣಿಯ ಮಣ್ಣೂ ಅದರಲ್ಲಿದೆ, ಹೊಲದ ಮಣ್ಣೂ ಇದೆ.

ಮಣ್ಣು ಹಿಡಿದಿಡಲು ಇಲ್ಲಿ ಹೇಳುವ ದಾರಿ ಎರಡು. ಬೋದು ಎಂದರೆ ಉದ್ದಕ್ಕೆ ಎತ್ತಿದ ಮಣ್ಣಿನ ಏರಿ, ಎರಡು ಬೋದಿನ ನಡುವಿನ ತಗ್ಗೇ ಸಾಲು. ಹೊದಿಕೆ ಎಂದರೆ ನೆಲದ ಮೇಲೆ ಹರಡುವ ಕಸ, ಸೊಪ್ಪು. ಈ ಬರಹ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಮಳೆಯಾಶ್ರಿತ ಎರೆ (ಕಪ್ಪು ಮಣ್ಣಿನ) ಹೊಲಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಾನು ಕಂಡದ್ದು, ಮಾಡಿದ್ದು ಅಲ್ಲೇ. ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಬೇರೆ ಮಾಡಬೇಕಾದ ಕಡೆ ಅದನ್ನೂ ಹೇಳಿದ್ದೇನೆ.

ಮೊದಲು ಮಣ್ಣು ಹೇಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಮಣ್ಣು ಎರಡು ಹೆಜ್ಜೆಯಲ್ಲಿ ಹೋಗುತ್ತದೆ. ಮೊದಲನೇ ಹೆಜ್ಜೆ ಹನಿಯದು. ದಪ್ಪ ಮಳೆಹನಿ ನೆಲಕ್ಕೆ ಬೀಳುವಾಗ ಅದರ ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸು ಇರುತ್ತದೆ. ಬರಿ ನೆಲಕ್ಕೆ ಬಡಿದಾಗ ಹೆಂಟೆ ಒಡೆದು ಪುಡಿ ಸಿಡಿಯುತ್ತದೆ. ಮನೆ ಗೋಡೆಯ ಬುಡಕ್ಕೆ ಮಳೆಗಾಲದಲ್ಲಿ ಕೆಸರು ಚುಕ್ಕೆ ಹತ್ತಿರುತ್ತದಲ್ವಾ, ಅದು ಹನಿಯ ಕೆಲಸವೇ. ಸಿಡಿದ ನುಣ್ಣನೆ ಪುಡಿ ಮಣ್ಣಿನ ಸಣ್ಣ ತೂತುಗಳಿಗೆ ಕೂತು ಬಾಯಿ ಮುಚ್ಚುತ್ತದೆ. ಆಮೇಲೆ ನೀರು ಒಳಗೆ ಇಳಿಯುವುದಿಲ್ಲ.

ಎರಡನೇ ಹೆಜ್ಜೆ ಹರಿವಿನದು. ಇಳಿಯದ ನೀರು ಇಳಿಜಾರು ಹಿಡಿದು ಓಡುತ್ತದೆ. ಓಟದ ವೇಗ ಎರಡು ಪಟ್ಟಾದರೆ ಅದು ನೆಲ ಕೊರೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಮೊದಲು ಬೆರಳಗಲದ ಗೀರು, ಆಮೇಲೆ ಗೇಣಗಲದ ಕಾಲುವೆ, ನಾಲ್ಕು ವರ್ಷ ಬಿಟ್ಟರೆ ಎತ್ತು ದಾಟದ ಕೊರಕಲು.

ಹೊದಿಕೆ ಮೊದಲನೇ ಹೆಜ್ಜೆಯನ್ನು ತಡೆಯುತ್ತದೆ. ಕಸ, ಕಡ್ಡಿ, ಸೊಪ್ಪಿನ ಮೇಲೆ ಬಿದ್ದ ಹನಿ ಅಲ್ಲೇ ಬಲ ಕಳೆದುಕೊಂಡು ಮೆಲ್ಲಗೆ ಇಳಿಯುತ್ತದೆ. ಬೋದು ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಇಳಿಜಾರಿಗೆ ಅಡ್ಡ ಹಾಕಿದ ಪ್ರತಿ ಬೋದೂ ಒಂದು ಪುಟ್ಟ ಒಡ್ಡು. ನೀರು ಓಡುವ ಬದಲು ನಿಲ್ಲುತ್ತದೆ. ಹಾಗಾಗಿ ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯೇ ಸರಿಯಲ್ಲ. ಎರಡೂ ಬೇಕು, ಮತ್ತು ಸರಿಯಾದ ಕ್ರಮದಲ್ಲಿ ಬೇಕು. ಮೊದಲು ಇಳಿಜಾರು ಅಳೆಯಬೇಕು, ಆಮೇಲೆ ಬೋದು, ಆಮೇಲೆ ಹೊದಿಕೆ.

ಕ್ರಮ ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಹೊಲದಲ್ಲೇ ಕಂಡಿದ್ದೇನೆ. ಮೊದಲ ವರ್ಷ ಬೋದು ಹಾಕಿಸಿದಾಗ ಟ್ರ್ಯಾಕ್ಟರಿನವರು ಹೊಲದ ಉದ್ದಕ್ಕೆ ಹೊಡೆದರು. ತಿರುವು ಕಡಿಮೆ, ಡೀಸೆಲ್ ಉಳಿತಾಯ. ನಾನೂ ಒಪ್ಪಿದೆ. ಆದರೆ ಹೊಲದ ಉದ್ದ ಇಳಿಜಾರಿನ ಕಡೆಗೇ ಇತ್ತು. ಸಾಲಿನಲ್ಲಿ ತೊಗರಿ ಕಡ್ಡಿ, ಸೊಪ್ಪು ಎಲ್ಲಾ ಹರಡಿದ್ದೆವು. ಒಂದು ರಾತ್ರಿಯ ಮಳೆಗೆ ಪ್ರತಿ ಸಾಲೂ ಒಂದು ಪುಟ್ಟ ಹಳ್ಳವಾಯಿತು. ಬೆಳಿಗ್ಗೆ ನೋಡಿದರೆ ಹರಡಿದ ಕಡ್ಡಿಯೆಲ್ಲಾ ಕೆಳಗಿನ ಒಡ್ಡಿಗೆ ಒತ್ತಿಕೊಂಡು ಸೊಂಟದೆತ್ತರ ಬಿದ್ದಿತ್ತು. ಸಾಲಿನ ತಳದಲ್ಲಿ ಗಟ್ಟಿ ನೆಲ ಕಾಣುತ್ತಿತ್ತು. ಬೋದು ಹಾಕದೆ ಸುಮ್ನೆ ಬಿಟ್ಟಿದ್ದ ಪಕ್ಕದ ತುಂಡಿನಲ್ಲಿ ಅಷ್ಟು ಹಾನಿ ಆಗಿರಲಿಲ್ಲ. ಇಳಿಜಾರಿನ ಗುಂಟ ಹಾಕಿದ ಬೋದು ಬೋದೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಹಂತ 1: ಇಳಿಜಾರು ಅಳೆಯಿರಿ

ಭರಣಿ ಮಳೆಯಿಂದ ರೋಹಿಣಿ ಮಳೆಯ ನಡುವೆ (ಏಪ್ರಿಲ್ ಕೊನೆಯಿಂದ ಮೇ ಕೊನೆಯ ತನಕ), ಹೊಲ ಖಾಲಿ ಇರುವಾಗ ಈ ಕೆಲಸ ಮುಗಿಸಿ. ಕಣ್ಣಳತೆ ನಂಬಬೇಡಿ. ಎರೆ ಹೊಲ ನೋಡಲು ಸಪಾಟು ಕಾಣುತ್ತದೆ, ಆದರೆ ನೂರು ಮೀಟರಿಗೆ ಒಂದೆರಡು ಮೀಟರ್ ಇಳಿದಿರುತ್ತದೆ.

ಗೌಂಡಿಗಳು ಬಳಸುವ ಪಾರದರ್ಶಕ ಪೈಪು ಸಾಕು. 12 ಮೀಟರ್ ಪೈಪು ತಂದು ನೀರು ತುಂಬಿ. ಒಳಗೆ ಗಾಳಿ ಗುಳ್ಳೆ ಇರಬಾರದು. ಎರಡು ನೇರ ಕೋಲಿಗೆ ನೆಲದಿಂದ ಸೆಂಟಿಮೀಟರ್ ಗುರುತು ಹಾಕಿ, ಪೈಪಿನ ಒಂದೊಂದು ತುದಿ ಕಟ್ಟಿ. ಇಳಿಜಾರಿನ ಕಡೆಗೆ 10 ಮೀಟರ್ ಅಂತರದಲ್ಲಿ ಎರಡೂ ಕೋಲು ನಿಲ್ಲಿಸಿ. ಮೇಲಿನ ಕೋಲಿನಲ್ಲಿ ನೀರು 90ಕ್ಕೆ, ಕೆಳಗಿನದರಲ್ಲಿ 105ಕ್ಕೆ ನಿಂತರೆ 10 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿದಿದೆ ಎಂದರ್ಥ. ಅಂದರೆ ಶೇಕಡಾ ಒಂದೂವರೆ ಇಳಿಜಾರು. ಹೊಲದ ನಾಲ್ಕೈದು ಕಡೆ ಹೀಗೆ ನೋಡಿ.

ಆಮೇಲೆ ಸಮಪಾತಳಿ ಗೆರೆ, ಅಂದರೆ ಎಲ್ಲಾ ಕಡೆ ಒಂದೇ ಎತ್ತರದಲ್ಲಿ ಹಾಯುವ ಗೆರೆ. ಹೊಲದ ಮೇಲಿನ ಅಂಚಿನಲ್ಲಿ ಒಂದು ಗೂಟ ನೆಡಿ. ಒಂದು ಕೋಲನ್ನು ಗೂಟದ ಹತ್ತಿರ ಹಿಡಿದುಕೊಳ್ಳಿ. ಇನ್ನೊಬ್ಬರು ಎರಡನೇ ಕೋಲನ್ನು ಅಡ್ಡಕ್ಕೆ ಒಯ್ದು, ಎರಡರಲ್ಲೂ ನೀರು ಒಂದೇ ಗುರುತಿಗೆ ನಿಲ್ಲುವ ಜಾಗ ಹುಡುಕಲಿ. ಅಲ್ಲಿ ಎರಡನೇ ಗೂಟ. ಹೀಗೇ ಮುಂದುವರಿಯಿರಿ. ಗೂಟಗಳ ಗುಂಟ ಸುಣ್ಣ ಅಥವಾ ಬೂದಿ ಚೆಲ್ಲಿದರೆ ಒಂದು ಗೆರೆ ಬಂತು. ಕೆಳಗೆ ಪ್ರತಿ 25-30 ಮೀಟರಿಗೆ ಇಂಥ ಇನ್ನೊಂದು ಗೆರೆ ಹಾಕಿ. ನಾಲ್ಕು ಎಕರೆಗೆ ಇಬ್ಬರಿಗೆ ಒಂದು ದಿನದ ಕೆಲಸ.

ಗೆರೆ ಹಾವಿನ ಹಾಗೆ ಸೊಟ್ಟಗೆ ಬಂದರೆ ಟ್ರ್ಯಾಕ್ಟರ್ ತಿರುಗುವುದಿಲ್ಲ. ಅಂಥ ಕಡೆ ಗೂಟಗಳನ್ನು ಸ್ವಲ್ಪ ಸರಿಸಿ ನಯವಾದ ಬಾಗು ಮಾಡಿ. ಅಷ್ಟರಿಂದ ನಷ್ಟ ಆಗುವುದಿಲ್ಲ.

ಇಳಿಜಾರು ಶೇಕಡಾ 3ರ ಒಳಗಿದ್ದರೆ ಬೋದು, ಹೊದಿಕೆ ಎರಡೇ ಬಹಳ ಮಟ್ಟಿಗೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನಡುನಡುವೆ ಒಡ್ಡು ಅಥವಾ ಲಾವಂಚದ ಸಾಲು ಬೇಕೇ ಬೇಕು. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ನೆಡುವುದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅದರ ಬೇರು ನೇರ ಕೆಳಗೆ ಇಳಿಯುತ್ತದೆ, ಬೆಳೆಯ ಜೊತೆ ಅಷ್ಟಾಗಿ ಪೈಪೋಟಿ ಮಾಡುವುದಿಲ್ಲ, ದನವೂ ಬಲಿತ ಹುಲ್ಲು ಮುಟ್ಟುವುದಿಲ್ಲ.

ಹಂತ 2: ನಿಮ್ಮ ಮಣ್ಣಿಗೆ ನೀರು ನಿಲ್ಲಿಸಬೇಕೋ, ದಾಟಿಸಬೇಕೋ ತೀರ್ಮಾನಿಸಿ

ಎರೆ ಮಣ್ಣಿನ ಗುಣವೇ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರೆಲ್ಲಾ ಬಿರುಕಿನಲ್ಲಿ ಇಳಿದು ಹೋಗುತ್ತದೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಪೂರ್ತಿ ನೆನೆದ ಎರೆ ನೆಲ ಗಂಟೆಗೆ 1 ಮಿಲಿಮೀಟರ್ ನೀರನ್ನೂ ಕುಡಿಯುವುದಿಲ್ಲ. ಆಗ ಬಂದ ಮಳೆ ಬಹುಪಾಲು ಹರಿವೇ. ವಿಜಯಪುರ ಕಡೆ ಅತಿ ಜಾಸ್ತಿ ಮಳೆ ಬರುವುದು ಸೆಪ್ಟೆಂಬರಿನಲ್ಲಿ, ನೆಲ ನೆನೆದ ಹೊತ್ತಿಗೆ. ನಾವು ಹಿಂಗಾರಿ ಜೋಳ ಬಿತ್ತುವುದು ಅದರ ಹಿಂದೆ. ಅಂದರೆ ಮಳೆಗಾಲ ಪೂರ್ತಿ ಹೊಲ ಬರಿದಾಗಿ, ಕುಂಟೆ ಹೊಡೆದು ನುಣ್ಣಗೆ ಹರಗಿ ಬಿಟ್ಟಿರುತ್ತೇವೆ. ಕಳೆ ಇಲ್ಲದ ಸ್ವಚ್ಛ ಹೊಲ ನೋಡಲು ಚಂದ. ಮಣ್ಣು ಜಾಸ್ತಿ ಹೋಗುವುದು ಆ ಎರಡು ಮೂರು ತಿಂಗಳಲ್ಲೇ.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಎರೆ ಮಣ್ಣಿನ ಮೇಲೆ ದೊಡ್ಡ ಪ್ರಯೋಗ ಶುರುವಾಯಿತು. ಮಳೆಗಾಲದಲ್ಲಿ ಖಾಲಿ ಬಿಟ್ಟು ಹಿಂಗಾರಿ ಬೆಳೆ ತೆಗೆಯುವ ಹಳೇ ಪದ್ಧತಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 6 ಟನ್‌ಗಿಂತ ಜಾಸ್ತಿ ಮಣ್ಣು ಹೋಯಿತು. ಒಂದೂವರೆ ಮೀಟರ್ ಅಗಲದ ಏರುಮಡಿ (ಎತ್ತರಿಸಿದ ಅಗಲ ಪಟ್ಟಿ) ಮತ್ತು ಸಾಲು ಮಾಡಿ, ಮಳೆಗಾಲದಲ್ಲೂ ಬೆಳೆ ಇಟ್ಟ ಕಡೆ ಅದು ಒಂದೂವರೆ ಟನ್ ಆಸುಪಾಸಿಗೆ ಇಳಿಯಿತು. ಇದರಲ್ಲಿ ಏರುಮಡಿಯ ಪಾಲು ಇದೆ, ನೆಲ ಬರಿದಾಗಿ ಬಿಡದ ಪಾಲೂ ಅಷ್ಟೇ ಇದೆ. ಬರೀ ಮಡಿ ಮಾಡಿ ಖಾಲಿ ಬಿಟ್ಟಿದ್ದರೆ ಈ ಫಲ ಸಿಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಆದ್ದರಿಂದ ಹೀಗೆ ಮಾಡಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ವಿಜಯಪುರ, ಬಾಗಲಕೋಟೆಯ ಎರೆಯಲ್ಲಿ ಹಿಂಗಾರಿ ಬೆಳೆ ತೆಗೆಯುವುದಾದರೆ ಬೋದನ್ನು ಪೂರ್ತಿ ಸಮಪಾತಳಿಯಲ್ಲಿ ಹಾಕಿ ನೀರು ನಿಲ್ಲಿಸಿ. ಮಳೆ 800 ಮಿಲಿಮೀಟರ್ ದಾಟುವ ಕಡೆ, ಅಥವಾ ಮುಂಗಾರಿ ಹೆಸರು, ಸೋಯಾ, ತೊಗರಿ ಇಡುವುದಾದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿ ನೂರು ಮೀಟರಿಗೆ 40 ಸೆಂಟಿಮೀಟರ್ ಇಳಿಯುವಷ್ಟು ಸಣ್ಣ ಓರೆ ಕೊಟ್ಟು, ಹೆಚ್ಚಿನ ನೀರು ನಿಧಾನವಾಗಿ ಹೊರಗೆ ಹೋಗುವ ಹಾಗೆ ಮಾಡಿ.

ಮಸಾರಿಯಲ್ಲಿ ತೊಂದರೆ ಮೇಲ್ಪದರದ್ದು. ಮಳೆ ಬಂದು ಒಣಗಿದರೆ ತೆಳುವಾದ ಹೆಪ್ಪು ಕಟ್ಟುತ್ತದೆ. ಮುಂದಿನ ಮಳೆಯ ನೀರು ಅದರ ಮೇಲೆ ಜಾರಿ ಹೋಗುತ್ತದೆ. ಅಲ್ಲಿ ಬೋದಿಗಿಂತ ಹೊದಿಕೆಗೇ ನನ್ನ ಮೊದಲ ಮತ. ತುಮಕೂರು, ಕೋಲಾರದ ಕಡೆ ಎಂಟು ಸಾಲು ರಾಗಿ, ಎರಡು ಸಾಲು ತೊಗರಿ ಬಿತ್ತಿ, ತೊಗರಿ ಜೋಡಿ ಸಾಲಿನ ನಡುವೆ ಆಳ ಸಾಲು ತೆಗೆಯುವ ಪದ್ಧತಿ ಇದೆ. ಇಡೀ ಹೊಲಕ್ಕೆ ಬೋದು ಹಾಕದೆ ಬೋದಿನ ಕೆಲಸ ಮಾಡಿಸುವ ಸುಲಭ ದಾರಿ ಅದು.

ಮಡ್ಡಿ ಹೊಲದಲ್ಲಿ ಒಂದು ಗೇಣು ಮಣ್ಣೂ ಇರುವುದಿಲ್ಲ. ಬೋದು ಎತ್ತಲು ಹೋದರೆ ಕೆಳಗಿನ ಗರಸು (ಜಲ್ಲಿ ಮಣ್ಣು) ಮೇಲೆ ಬರುತ್ತದೆ. ಅಲ್ಲಿ ಒಡ್ಡು, ಹುಲ್ಲು, ಮರ ಸರಿ.

ಹಂತ 3: ಬೋದು ಹಾಕಿ

ಜುಲೈನಲ್ಲಿ, ಎರಡು ಮೂರು ಹದ ಮಳೆ ಆದ ಮೇಲೆ ಹಾಕಿ. ಹದ ನೋಡುವುದು ಹೀಗೆ: ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಒಡೆದು ಚದುರಿದರೆ ಹದ ಬಂದಿದೆ. ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ತಡೆಯಿರಿ. ಹಸಿ ಜಾಸ್ತಿ ಇರುವಾಗ ಟ್ರ್ಯಾಕ್ಟರ್ ಇಳಿಸಿದರೆ ಸಾಲಿನ ತಳ ಕಾವಲಿಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ನೀರು ನಿಂತರೂ ಇಳಿಯುವುದಿಲ್ಲ.

ಬೋದಿನಿಂದ ಬೋದಿಗೆ 60 ಸೆಂಟಿಮೀಟರ್, ಎತ್ತರ 15 ಸೆಂಟಿಮೀಟರ್ ಇರಲಿ. ಎತ್ತಿನ ಬೋದು ನೇಗಿಲು ಇದ್ದರೂ ಸರಿ, ಟ್ರ್ಯಾಕ್ಟರಿನ ರಿಡ್ಜರ್ ಇದ್ದರೂ ಸರಿ. ಸ್ವಂತ ಉಪಕರಣ ಇಲ್ಲದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಮೊದಲ ಬೋದು ಬೂದಿ ಗೆರೆಯ ಮೇಲೇ ಬರಬೇಕು. ಆಮೇಲಿನವು ಅದಕ್ಕೆ ಸಮನಾಗಿ ಬರುತ್ತವೆ. ಟ್ರ್ಯಾಕ್ಟರ್ ಕೆಲಸ ಶುರುವಾಗುವಾಗ ನೀವೇ ಹೊಲದಲ್ಲಿ ನಿಂತಿರಿ. ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸ ಇದಲ್ಲ.

ಹಂತ 4: ಅಡ್ಡ ಕಟ್ಟೆ ಮತ್ತು ಕೋಡಿ

ಬಹಳ ಜನ ಬೋದು ಹಾಕಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಕೇಳಿದರೆ ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ.

ಯಾವ ಗೆರೆಯೂ ನೂರಕ್ಕೆ ನೂರು ಸಮ ಬರುವುದಿಲ್ಲ. ಸಾಲಿನಲ್ಲಿ ಎಲ್ಲೋ ಒಂದು ಕಡೆ ತಗ್ಗು ಇರುತ್ತದೆ. ನೀರೆಲ್ಲಾ ಅಲ್ಲಿಗೆ ಬಂದು ಸೇರಿ, ಬೋದಿನ ತಲೆ ಹತ್ತಿ ಒಡೆಯುತ್ತದೆ. ಒಂದು ಬೋದು ಒಡೆದರೆ ಅದರ ನೀರೂ ಸೇರಿ ಕೆಳಗಿನದು ಒಡೆಯುತ್ತದೆ. ಹೀಗೆ ಹತ್ತು, ಇಪ್ಪತ್ತು ಬೋದು ಸರಸರನೆ ಹೋಗಿ, ಒಂದೇ ಗಳಿಗೆಯಲ್ಲಿ ಕೊರಕಲು ಬೀಳುತ್ತದೆ.

ಇದಕ್ಕೆ ಪರಿಹಾರ ಸಾಲಿನೊಳಗೆ ಪ್ರತಿ 2-3 ಮೀಟರಿಗೆ ಒಂದು ಅಡ್ಡ ಕಟ್ಟೆ. ಸನಿಕೆಯಿಂದ ಎರಡು ಮೂರು ಸಲ ಮಣ್ಣು ಎಳೆದು ಕಾಲಿನಿಂದ ತುಳಿದರೆ ಒಂದು ಕಟ್ಟೆ ಆಯಿತು. ಅದರ ಎತ್ತರ ಬೋದಿಗಿಂತ ಕಡಿಮೆ ಇರಬೇಕು. ಬೋದು 15 ಸೆಂಟಿಮೀಟರ್ ಇದ್ದರೆ ಕಟ್ಟೆ 10 ಇರಲಿ. ಆಗ ನೀರು ಜಾಸ್ತಿಯಾದರೆ ಕಟ್ಟೆಯ ಮೇಲೆ ಹಾದು ಅದೇ ಸಾಲಿನಲ್ಲಿ ಪಕ್ಕಕ್ಕೆ ಹೋಗುತ್ತದೆ, ಬೋದು ಹತ್ತಿ ಕೆಳಕ್ಕೆ ಧುಮುಕುವುದಿಲ್ಲ. ಕಟ್ಟೆಯನ್ನು ಬೋದಿನ ಸಮಕ್ಕೆ ಏರಿಸಿದರೆ ಒಡೆಯುವುದು ಬೋದೇ. ಪಕ್ಕಪಕ್ಕದ ಸಾಲಿನ ಕಟ್ಟೆಗಳು ಒಂದೇ ನೇರಕ್ಕೆ ಬಾರದ ಹಾಗೆ ಹಿಂದೆ ಮುಂದೆ ಇಡಿ. ಓರೆ ಕೊಟ್ಟ ಮುಂಗಾರಿ ಹೊಲಕ್ಕೆ ಮಾತ್ರ ಈ ಕಟ್ಟೆ ಬೇಡ. ಅಲ್ಲಿ ನೀರು ಹೋಗಲೇಬೇಕು.

ಇದರಿಂದ ಎಷ್ಟು ನೀರು ನಿಲ್ಲುತ್ತದೆ ಅಂತ ಲೆಕ್ಕ ಹಾಕಿದ್ದೇನೆ. ಹತ್ತು ಸೆಂಟಿಮೀಟರ್ ಆಳಕ್ಕೆ ನೀರು ನಿಂತರೆ ಹೊಲದ ಮೇಲೆ ಸುಮಾರು 30 ಮಿಲಿಮೀಟರ್ ಮಳೆ ನಿಂತ ಹಾಗೆ. ಎಕರೆಗೆ 1 ಲಕ್ಷ 20 ಸಾವಿರ ಲೀಟರ್. ಬೋದಿಲ್ಲದ ಹೊಲದಲ್ಲಿ ಈ ನೀರು ಮಣ್ಣು ಹೊತ್ತುಕೊಂಡು ಹೊರಗೆ ಹೋಗುತ್ತಿತ್ತು. ಇಲ್ಲಿ ನಿಂತು ಇಳಿಯುತ್ತದೆ, ಜನವರಿಯಲ್ಲಿ ಜೋಳದ ತೆನೆ ಕಾಳು ಕಟ್ಟುವಾಗ ಕೆಲಸಕ್ಕೆ ಬರುತ್ತದೆ.

30 ಮಿಲಿಮೀಟರಿಗಿಂತ ಜಾಸ್ತಿ ಹೊಡೆಯುವ ಮಳೆಯೂ ಬರುತ್ತದೆ. ಅದಕ್ಕೆ ಕೋಡಿ, ಅಂದರೆ ಹೆಚ್ಚಿನ ನೀರು ಹೊರಗೆ ಹೋಗುವ ದಾರಿ ಬೇಕು. ಸಾಲುಗಳು 70-80 ಮೀಟರಿಗಿಂತ ಉದ್ದ ಬೇಡ. ತುದಿಯಲ್ಲಿ ಹುಲ್ಲು ಬೆಳೆದ ಒಂದು ಅಗಲ ಪಟ್ಟಿ ಇರಲಿ, ಅದರ ಕೊನೆಗೆ ಕಲ್ಲು ಜೋಡಿಸಿ. ಕೃಷಿ ಹೊಂಡ ಇದ್ದರೆ ಈ ಪಟ್ಟಿಯನ್ನು ಅದಕ್ಕೆ ತಿರುಗಿಸಿ. ಹೊಂಡಕ್ಕೆ ಹೂಳೂ ಕಡಿಮೆ ಬರುತ್ತದೆ.

ಬೋದು ನೇಗಿಲು ಸಿಗದಿದ್ದರೆ ಹೊಲವನ್ನು ಸಣ್ಣ ಒಡ್ಡುಗಳಿಂದ ಚೌಕಗಳಾಗಿ ಭಾಗಿಸುವ ಚೌಕು ಮಡಿಯೂ ಒಳ್ಳೆಯ ದಾರಿ. ಇಳಿಜಾರು ಕಡಿಮೆ ಇದ್ದಲ್ಲಿ 4.5 ಮೀಟರ್ ಚೌಕ, ಜಾಸ್ತಿ ಇದ್ದಲ್ಲಿ 3 ಮೀಟರ್ ಚೌಕ. ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಯಿತು. ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್ ಕೇಂದ್ರಗಳೂ ಅದೇ ಕಾಲದವು. ಬರಗಾಲ ಕಂಡ ಈ ನೆಲಕ್ಕೆ ಆ ಕಾಲದಿಂದಲೂ ಹೇಳಿಕೊಂಡು ಬಂದದ್ದು ಒಂದೇ: ಬಿದ್ದ ಹನಿ ಬಿದ್ದಲ್ಲೇ ಇಂಗಲಿ.

ಹಂತ 5: ಹೊದಿಕೆ

ಮೊದಲು ಕಷ್ಟದ ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಹೊದಿಕೆಗೆ ಕಸವೇ ಸಿಗುವುದಿಲ್ಲ. ಜೋಳದ ಕಣಿಕೆ ದನಕ್ಕೆ ಬೇಕು. ಕಡಲೆ ಹೊಟ್ಟೂ ದನಕ್ಕೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಒಲೆಗೆ. ಕಣಿಕೆ ಹೊಲಕ್ಕೆ ಹರಡಿ ಅಂತ ದನ ಕಟ್ಟಿದವರಿಗೆ ಹೇಳುವುದು ನ್ಯಾಯವಲ್ಲ. ಹಾಗಾಗಿ ದನ ತಿನ್ನದ, ಒಲೆಗೆ ಬೇಡದ ವಸ್ತು ಹುಡುಕಬೇಕು.

ಕಬ್ಬಿನ ರವದಿ, ಅಂದರೆ ಒಣ ಸೋಗೆ, ಅಂಥದ್ದು. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಕರೆಗೆ ಮೂರು ಟನ್ ಆಸುಪಾಸು ಹೊದಿಕೆ ಅದು. ಹತ್ತಿರದಲ್ಲಿ ಕಬ್ಬು ಇದ್ದರೆ ಕೇಳಿ ತನ್ನಿ. ಎರಡನೆಯದು ಗ್ಲಿರಿಸಿಡಿಯಾ ಎಂಬ ಸೊಪ್ಪಿನ ಗಿಡ. ಒಡ್ಡಿನ ಮೇಲೆ ಒಂದು ಮೀಟರಿಗೆ ಒಂದರಂತೆ ಕಡ್ಡಿ ನೆಟ್ಟರೆ ಎರಡನೇ ವರ್ಷದಿಂದ ಸೊಪ್ಪು ಸವರಬಹುದು. ಮೂರನೆಯದು ಹಸಿರೆಲೆ ಗೊಬ್ಬರದ ಸೆಣಬು. ಜೂನಿನಲ್ಲಿ ಬಿತ್ತಿ, 45-50 ದಿನಕ್ಕೆ ಕಡಿದು ಸಾಲಿನಲ್ಲೇ ಮಲಗಿಸಿ. ನಿಂತಿರುವಾಗ ಹನಿ ತಡೆಯುತ್ತದೆ, ಮಲಗಿದ ಮೇಲೂ ತಡೆಯುತ್ತದೆ. ಸೆಣಬು ಇಡುವುದಾದರೆ ಜೂನಿನಲ್ಲೇ ಬೋದು ಎತ್ತಿ ಅದರ ಮೇಲೆ ಬಿತ್ತಿ. ಆಳವಾದ ಎರೆಯಲ್ಲಿ ಸೆಣಬಿನ ಬದಲು ಹೆಸರು ಹಾಕಿದರೆ 65-70 ದಿನಕ್ಕೆ ಕಾಳು ಕೈಗೆ, ಬಳ್ಳಿ ನೆಲಕ್ಕೆ. ಆಮೇಲೆ ಜೋಳ.

ಉತ್ತರ ಕನ್ನಡದ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತಂದು ತೋಟಕ್ಕೆ ಹೊದಿಸುವುದು ನಿಮಗೆ ಗೊತ್ತಿರಬಹುದು. ಆ ಮಳೆಗೆ, ಆ ಇಳಿಜಾರಿಗೆ ಅಲ್ಲಿ ಮಣ್ಣು ಉಳಿದಿರುವುದರಲ್ಲಿ ದರಕಿನ ಪಾಲು ದೊಡ್ಡದು. ಬಯಲುಸೀಮೆಯಲ್ಲಿ ಒಡ್ಡಿನ ಮೇಲಿನ ಗಿಡವೇ ನಮ್ಮ ಬೆಟ್ಟ.

ಎಷ್ಟು ಬೇಕು? ಪೂರ್ತಿ ಹೊದಿಸಲು ಎಕರೆಗೆ 2 ಟನ್ ಒಣ ಕಸ, ಅಂದರೆ ಒಂದು ಚದರ ಮೀಟರಿಗೆ ಅರ್ಧ ಕೆಜಿ. ಅಷ್ಟು ಸಿಗದಿದ್ದರೆ ಬಿಡಬೇಡಿ. ನೆಲದ ಮೂರನೇ ಒಂದು ಪಾಲು ಮುಚ್ಚಿದರೂ ಬರಿ ನೆಲಕ್ಕೆ ಹೋಲಿಸಿದರೆ ಸವಕಳಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೊದಲ ಸ್ವಲ್ಪ ಹೊದಿಕೆಯೇ ಅತಿ ಜಾಸ್ತಿ ಕೆಲಸ ಮಾಡುತ್ತದೆ. ಇರುವಷ್ಟನ್ನು ಸಾಲಿನಲ್ಲಿ ಹಾಕಿ. ಬೋದಿನ ತಲೆಯ ಮೇಲೆ ಹಾಕಿದ್ದು ಗಾಳಿಗೆ ಜಾರಿ ಹೇಗೂ ಸಾಲಿಗೇ ಬರುತ್ತದೆ. ಉದ್ದ ಕಡ್ಡಿಗಳನ್ನು ಸಾಲಿಗೆ ಅಡ್ಡ ಇಡಿ. ನೀರಿನ ಜೊತೆ ತೇಲದ ಹಾಗೆ ಅಲ್ಲಲ್ಲಿ ಒಂದು ಹೆಂಟೆ ಮೇಲಿಡಿ.

ಎಷ್ಟು ಮುಚ್ಚಿದೆ ಅಂತ ತಿಳಿಯಲು ಹಗ್ಗದ ಪರೀಕ್ಷೆ ಮಾಡಿ. 10 ಮೀಟರ್ ಹಗ್ಗಕ್ಕೆ ಪ್ರತಿ 10 ಸೆಂಟಿಮೀಟರಿಗೆ ಬಣ್ಣದ ಗುರುತು ಹಾಕಿ, ಒಟ್ಟು ನೂರು. ಸಾಲುಗಳಿಗೆ ಓರೆಯಾಗಿ ಎಳೆದು ಹಿಡಿಯಿರಿ. ಮೇಲಿನಿಂದ ನೋಡಿ, ಎಷ್ಟು ಗುರುತಿನ ಕೆಳಗೆ ಕಸ ಇದೆಯೋ ಅಷ್ಟೇ ಶೇಕಡಾ ಹೊದಿಕೆ. ಹೊಲದ ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. 30ಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ಸೊಪ್ಪು ಹುಡುಕಿ.

ಜೋಳ ಕೊಯ್ದ ಮೇಲೆ ಉಳಿಯುವ ಬುಡವನ್ನು, ಅಂದರೆ ಕೂಳೆಯನ್ನು, ಇನ್ನೊಂದು ರೀತಿ ಬಳಸಬಹುದು. ಇಳಿಜಾರಿಗೆ ಅಡ್ಡ, 4-5 ಮೀಟರಿಗೆ ಒಂದರಂತೆ, 15 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಆಳದ ಕಾಲುವೆ ತೆಗೆದು ಕೂಳೆಯನ್ನು ನೆಟ್ಟಗೆ ನಿಲ್ಲಿಸಿ ತುಂಬಿ. 10 ಸೆಂಟಿಮೀಟರ್ ಮೇಲೆ ಕಾಣುತ್ತಿರಲಿ. ಮೇಲಿಂದ ಬಂದ ನೀರು ಇದರ ಬಾಯಿಂದ ಆಳಕ್ಕೆ ಇಳಿಯುತ್ತದೆ. ಕೂಲಿ ಜಾಸ್ತಿ, ಆದರೆ ನೀರು ಕುಡಿಯದ ಎರೆಗೆ ಬಹಳ ಒಳ್ಳೆಯದು.

ಕೊಪ್ಪಳ, ಗದಗ ಕಡೆಯ ರೈತರು ಎರೆ ಹೊಲಕ್ಕೆ ಹಳ್ಳದ ಉಸುಕು ಹಾಕುವುದನ್ನು ನೋಡಿದ್ದೀರಾ? ಅದೂ ಹೊದಿಕೆಯೇ, ಅದೂ ಹಲವು ವರ್ಷ ಕೊಳೆಯದ ಹೊದಿಕೆ. ಉಸುಕಿನ ಮೇಲೆ ಬಿದ್ದ ಮಳೆ ಜಾರುವುದಿಲ್ಲ, ಒಳಗಿನ ಹಸಿ ಆರುವುದಿಲ್ಲ. ನಮ್ಮ ಹಿರಿಯರ ಈ ಬುದ್ಧಿಗೆ ನನಗೆ ತುಂಬಾ ಗೌರವ. ಆದರೆ ಇವತ್ತು ಹೊಸದಾಗಿ ಮಾಡಲು ನಾನು ಹೇಳುವುದಿಲ್ಲ. ನಾಲ್ಕು ಇಂಚು ದಪ್ಪ ಹಾಕಲು ಎಕರೆಗೆ 400 ಘನ ಮೀಟರ್ ಉಸುಕು ಬೇಕು, ನೂರಕ್ಕೂ ಮೇಲೆ ಟ್ರೇಲರ್. ಹಳ್ಳವನ್ನು ಅಷ್ಟು ಬಗೆದರೆ ಅಲ್ಲಿ ದಂಡೆ ಕುಸಿಯುತ್ತದೆ, ಬಾವಿ ಬತ್ತುತ್ತದೆ.

ಪ್ಲಾಸ್ಟಿಕ್ ಹಾಳೆ ಹೊದಿಸುವವರಿಗೆ ಒಂದು ಎಚ್ಚರಿಕೆ. ಮೆಣಸಿನಕಾಯಿ, ಟೊಮೆಟೊ, ಕಲ್ಲಂಗಡಿಗೆ ಏರುಮಡಿಯ ಮೇಲೆ ಹಾಳೆ ಹಾಕಿದರೆ ಅದರ ಕೆಳಗಿನ ಮಣ್ಣು ಭದ್ರ, ಸರಿ. ಆದರೆ ಹಾಳೆಯ ಮೇಲೆ ಬಿದ್ದ ಪ್ರತಿ ಹನಿಯೂ ಜಾರಿ ಸಾಲಿಗೆ ಬರುತ್ತದೆ. ಅರ್ಧ ಹೊಲದ ನೀರು ಇನ್ನರ್ಧದ ಮೇಲೆ. ಸಾಲು ಬರಿದಾಗಿದ್ದರೆ ಹಾಳೆ ಇಲ್ಲದ ಹೊಲಕ್ಕಿಂತ ಜಾಸ್ತಿ ಮಣ್ಣು ಹೋಗಬಹುದು. ಹಾಳೆ ಹಾಕಿದರೆ ಸಾಲಿಗೆ ಹುಲ್ಲು, ರವದಿ ಹಾಕಲೇಬೇಕು.

ಇನ್ನೆರಡು ವಿಷಯ. ಒಣ ಕಸವನ್ನು ಮಣ್ಣಿನಲ್ಲಿ ಬೆರೆಸಬೇಡಿ, ಮೇಲೇ ಇರಲಿ. ಬೆರೆಸಿದರೆ ಅದು ಕೊಳೆಯುವಾಗ ಸಾರಜನಕ ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಮಸಾರಿಯಲ್ಲಿ ಗೆದ್ದಲು ಬರುತ್ತದೆ. ಹೊದಿಕೆಯನ್ನು ಗಿಡದ ಬುಡಕ್ಕೆ ಒತ್ತಿ ಹಾಕದೆ ನಾಲ್ಕು ಬೆರಳು ದೂರ ಇಡಿ.

ಹಂತ 6: ಬಿತ್ತನೆ, ಎಡೆ

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ, ಉತ್ತರಿ ಹಸ್ತದ ಹದ ನೋಡಿ ಹಿಂಗಾರಿ ಜೋಳ ಬಿತ್ತಿ. ನಮ್ಮ ಮಾಲ್ದಂಡಿ ತಳಿಯ ಜೋಳಕ್ಕೆ ಹಸಿ ಇರುವುದು ಸಾಲಿನಲ್ಲಿ. ಆದ್ದರಿಂದ ಹೊದಿಕೆ ಪಕ್ಕಕ್ಕೆ ಸರಿಸಿ ಸಾಲಿನಲ್ಲೇ ಬಿತ್ತಿ. ಬೋದು ಕೆಡಿಸಬೇಡಿ. ಮುಂಗಾರಿಯಲ್ಲಿ ನೀರು ನಿಲ್ಲುವ ಭಯ ಇದ್ದರೆ ಮಾತ್ರ ಬೋದಿನ ಮೇಲೆ ಬಿತ್ತನೆ.

ಬಿತ್ತಿದ ಮೇಲೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ನಮ್ಮ ಹಳೇ ರೂಢಿ. ಸಡಿಲ ಮಣ್ಣೇ ಅಲ್ಲಿ ಹೊದಿಕೆ. ಚಳಿಗಾಲದಲ್ಲಿ ಮಳೆ ನಿಂತ ಮೇಲೆ ಇದು ಸರಿ. ಮಳೆ ಇನ್ನೂ ಬರುವ ಸೂಚನೆ ಇದ್ದರೆ ತಡೆಯಿರಿ. ಸಡಿಲ ಮಾಡಿದ ಮಣ್ಣು ಮೊದಲ ಮಳೆಗೇ ಹೋಗುತ್ತದೆ.

ಹಂತ 7: ಮಳೆ ಬಂದಾಗ ಹೊಲಕ್ಕೆ ಹೋಗಿ

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಸನಿಕೆ ಹಿಡಿದು ಹೋಗಿ. ಎಲ್ಲಿ ಬೋದು ಒಡೆದಿದೆ, ಎಲ್ಲಿ ಕಟ್ಟೆ ಕರಗಿದೆ ನೋಡಿ, ಅವತ್ತೇ ಸರಿ ಮಾಡಿ. ಒಡೆದ ಜಾಗಕ್ಕೆ ಗೂಟ ನೆಡಿ. ಮುಂದಿನ ವರ್ಷ ಬೋದು ಏರಿಸುವಾಗ ಆ ತಗ್ಗು ನೆನಪಿರುತ್ತದೆ.

ಹೋಗುವಾಗ ಒಂದೊಂದು ಲೀಟರಿನ ಎರಡು ಬಾಟಲಿ ಒಯ್ಯಿರಿ. ನಿಮ್ಮ ಹೊಲದ ಕೋಡಿಯಿಂದ ಹರಿಯುವ ನೀರು ಒಂದರಲ್ಲಿ, ಬೋದು, ಹೊದಿಕೆ ಇಲ್ಲದ ಹೊಲದಿಂದ ಬರುವ ನೀರು ಇನ್ನೊಂದರಲ್ಲಿ. ಮನೆಯಲ್ಲಿ ಕಿಟಕಿ ಮೇಲೆ ಎರಡು ದಿನ ಅಲುಗಾಡಿಸದೆ ಇಡಿ. ನಮ್ಮ ಮನೆಯಲ್ಲಿ ಹೀಗೆ ಇಟ್ಟಾಗ ಒಂದು ಬಾಟಲಿಯ ತಳದಲ್ಲಿ ಹೆಬ್ಬೆರಳ ದಪ್ಪ ಕಪ್ಪು ಮಣ್ಣು ಕೂತಿತ್ತು. ಇನ್ನೊಂದರಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ನನ್ನ ಮಾತಿಗೆ ಒಪ್ಪದಿದ್ದ ಮನೆಯ ಹಿರಿಯರು ಆ ಎರಡು ಬಾಟಲಿ ನೋಡಿ ಮುಂದಿನ ವರ್ಷ ತಾವೇ ಪೈಪು ಹಿಡಿದರು.

ತೂಕವೂ ತಿಳಿಯಬಹುದು. ನೀರು ಬಸಿದು, ಮಣ್ಣು ಒಣಗಿಸಿ ತೂಗಿ. ಲೀಟರಿಗೆ 10 ಗ್ರಾಂ ಬಂದರೆ, 20 ಮಿಲಿಮೀಟರ್ ನೀರು ಹರಿದು ಹೋದ ಒಂದು ಮಳೆಗೆ ಎಕರೆಯಿಂದ 800 ಕೆಜಿ ಮಣ್ಣು ಹೋಗಿದೆ ಎಂದು ಲೆಕ್ಕ. ಮಸಾರಿ ಹೊಲದವರು ಕಬ್ಬಿಣದ ಸರಳು ನೆಟ್ಟು ನೆಲಮಟ್ಟಕ್ಕೆ ಗುರುತು ಹಾಕಿಯೂ ನೋಡಬಹುದು. ಎರೆಯಲ್ಲಿ ಅದು ನಡೆಯುವುದಿಲ್ಲ. ಮಣ್ಣು ಉಬ್ಬಿ ಕುಗ್ಗಿ ಗುರುತು ತಪ್ಪಿಸುತ್ತದೆ.

ಜೋಳ ಕೊಯ್ದ ಮೇಲೆ ಬೋದು ಒಡೆದು ಇಡೀ ಹೊಲ ನೇಗಿಲು ಹೊಡೆಯಬೇಡಿ. ಕೂಳೆ ಹಾಗೇ ನಿಲ್ಲಲಿ. ಬೇಸಿಗೆಯಲ್ಲಿ ದನ ಬಿಟ್ಟು ಮೇಯಿಸಿದರೂ ಬೇರು ಮಣ್ಣು ಹಿಡಿದುಕೊಂಡಿರುತ್ತದೆ. ಮುಂದಿನ ಜುಲೈಗೆ ಅದೇ ಸಾಲಿನಲ್ಲಿ ಬೋದು ನೇಗಿಲು ಒಮ್ಮೆ ಹಾಯಿಸಿ, ಕುಸಿದ ಬೋದು ಏರಿಸಿ, ಕಟ್ಟೆ ಹೊಸದಾಗಿ ಎಳೆಯಿರಿ. ಎರಡನೇ ವರ್ಷ ಗೆರೆ ಹಾಕುವ ಕೆಲಸ ಇಲ್ಲ, ಗೂಟ ನೆಟ್ಟ ತಗ್ಗುಗಳನ್ನು ಸರಿಪಡಿಸಿದರೆ ಆಯಿತು. ಅಷ್ಟರಲ್ಲಿ ಒಡ್ಡಿನ ಮೇಲಿನ ಗ್ಲಿರಿಸಿಡಿಯಾ ಮೊದಲ ಸವರಿಗೆ ಬಂದಿರುತ್ತದೆ.